ಸಿಎಲ್‌ಎ ಮಾತ್ರೆಯಿಂದ ಬೊಜ್ಜು ಕರಗುವುದೇ?

ತೀರ್ಥಹಳ್ಳಿಯ ಕೃಷಿಕ: ನಾನು ಅಡಿಕೆ ತೋಟದಲ್ಲಿ ದಿನವಿಡೀ ದುಡಿಯುವವನು. ಶಿವಮೊಗ್ಗದಲ್ಲಿರುವ ಅಣ್ಣನದು ಕುಳಿತು ಮಾಡುವ ಕೆಲಸ, ತೂಕವೂ ಹೆಚ್ಚು. ಜಿಮ್‌ನವರು ಅವನಿಗೆ ಸಿಎಲ್‌ಎ (ಕಾಂಜುಗೇಟೆಡ್ ಲಿನೋಲಿಕ್ ಆಸಿಡ್) ಮತ್ತು ಮೀನೆಣ್ಣೆಯ ಮಾತ್ರೆಗಳನ್ನು ಸೂಚಿಸಿದ್ದಾರೆ. ಇವು ನಮ್ಮಿಬ್ಬರಿಗೂ ಉಪಯುಕ್ತವೇ?

ಸಾಗರದ ಓದುಗ: ಸಿಎಲ್‌ಎ ಹಾಲು, ತುಪ್ಪಗಳಲ್ಲಿ ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುವ ಕೊಬ್ಬಿನಾಮ್ಲ, ಮಾತ್ರೆಗೆ ಬಳಸುವುದನ್ನು ಸಾಮಾನ್ಯವಾಗಿ ಕುಸುಬೆ ಎಣ್ಣೆಯಿಂದ ತಯಾರಿಸುತ್ತಾರೆ. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ ಸುಮಾರು 3.2 ಗ್ರಾಂ ಸೇವಿಸಿದವರಲ್ಲಿ ವಾರಕ್ಕೆ ಸರಾಸರಿ 90 ಗ್ರಾಂನಷ್ಟು ಕೊಬ್ಬು ಮಾತ್ರ ಹೆಚ್ಚುವರಿಯಾಗಿ ಇಳಿದಿತ್ತು. ಮಾತ್ರೆಯ ಬೆಲೆಗೆ ಇದು ತೀರಾ ಕಡಿಮೆಯೆಂದೇ ನನ್ನ ಅಭಿಪ್ರಾಯ.

ಶಿವಮೊಗ್ಗದ ಪಥ್ಯತಜ್ಞೆ: ತಮ್ಮ ಅಣ್ಣನವರ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಸಿಎಲ್‌ಎಯ ‘ಟ್ರಾನ್ಸ್-10, ಸಿಸ್-12’ ಎಂಬ ರೂಪವನ್ನು ಪ್ರತ್ಯೇಕವಾಗಿ ಬೊಜ್ಜಿರುವ ಗಂಡಸರಿಗೆ ನೀಡಿದಾಗ ಇನ್ಸುಲಿನ್‌ಗೆ ದೇಹದ ಸ್ಪಂದನೆ ಕುಗ್ಗಿದ್ದು ಕಂಡುಬಂದಿದೆ, ಮತ್ತು ಅಂಗಡಿಯ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಸುಮಾರು ಅರ್ಧಪಾಲು ಇದೇ ಇರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಮೀನೆಣ್ಣೆ ಟ್ರೈಗ್ಲಿಸರೈಡ್ ಎಂಬ ರಕ್ತದಲ್ಲಿನ ಕೊಬ್ಬನ್ನು ತಗ್ಗಿಸಲು ನೆರವಾಗುತ್ತದೆಯೇ ಹೊರತು ತೂಕ ಇಳಿಸುವ ಮದ್ದಲ್ಲ. ಡಬ್ಬಿಯ ಹಿಂಬದಿಯನ್ನೂ ಓದಿ: 1000 ಮಿ.ಗ್ರಾಂ ಎಂದಿರುವ ಸಾಧಾರಣ ಮೀನೆಣ್ಣೆ ಮಾತ್ರೆಯಲ್ಲಿ ಉಪಯುಕ್ತ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ ಮಾತ್ರ ಇರುತ್ತದೆ.

ಸಾಗರದ ಓದುಗ: ತೋಟದಲ್ಲಿ ದುಡಿಯುವ ತಮಗಂತೂ ಇವೆರಡರ ಅಗತ್ಯವೂ ನನಗೆ ತೋರುವುದಿಲ್ಲ.