ಎದ್ದಾಗ ಮೈ ಹಗುರಾಗಲು ಎಷ್ಟು ನಿದ್ದೆ ಬೇಕು? ತಿಳಿದವರು ಹೇಳಿ

ಪ್ರಶ್ನೆ

ವಯಸ್ಸು 42, ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ರಾತ್ರಿ 11:30ಕ್ಕೆ ಮಲಗಿದರೆ 5:30ಕ್ಕೆ ಅಲಾರಂ. ಭಾನುವಾರ 8:30ರವರೆಗೆ ಮಲಗ್ತೀನಿ, ಆದರೂ ಸೋಮವಾರ ಎರಡನೇ ಪೀರಿಯಡ್‌ಗೇ ಕಣ್ಣು ಎಳೆಯುತ್ತೆ. 6 ಗಂಟೆ ಧಾರಾಳ ಅನ್ನೋರೂ ಇದ್ದಾರೆ, 8 ಕಡ್ಡಾಯ ಅನ್ನೋರೂ ಇದ್ದಾರೆ. ನನಗೆ ಎಷ್ಟು ಬೇಕು ಅಂತ ಕಂಡುಕೊಳ್ಳೋದು ಹೇಗೆ? ಸಂಜೆ 5:30ಕ್ಕೆ ಒಂದು ಲೋಟ ಕಾಫಿ ಅಭ್ಯಾಸ. ಗೊರಕೆ ಹೊಡೀತೀಯ ಅಂತ ಮನೆಯವರು ಹೇಳ್ತಾರೆ. ಇನ್ನೊಂದು, ನಮ್ಮ ಅತ್ತೆಗೆ 68. ರಾತ್ರಿ 8:30ಕ್ಕೆ ಮಲಗಿ 3ಕ್ಕೆ ಎದ್ದು ಕೂತು, "ನಿದ್ದೆನೇ ಬರಲ್ಲ" ಅಂತ ಕೊರಗ್ತಾರೆ. ಮಧ್ಯಾಹ್ನ ಊಟ ಆದಮೇಲೆ ಒಂದೂವರೆ ಗಂಟೆ ಮಲಗ್ತಾರೆ.

ಉತ್ತರ 1 (ನಿದ್ರಾ ಪರೀಕ್ಷೆಯ ಲ್ಯಾಬ್ ಟೆಕ್ನಿಷಿಯನ್)

ಮೇಡಂ, ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಹಾಸಿಗೆಯಲ್ಲಿ ಇದ್ದ ಹೊತ್ತೆಲ್ಲ ನಿದ್ದೆಯಲ್ಲ. ನಿದ್ದೆ ಹತ್ತೋಕೆ 15 ನಿಮಿಷ, ನಡುವೆ ಎಚ್ಚರವಾಗಿದ್ದು 20 ನಿಮಿಷ ಅಂತ ಕಳೆದರೆ ನಿಮ್ಮ 6 ಗಂಟೆ ಐದೂವರೆ ಹತ್ತಿರಕ್ಕೆ ಇಳಿಯುತ್ತೆ. 18ರಿಂದ 64 ವಯಸ್ಸಿನವರಿಗೆ 7ರಿಂದ 9 ಗಂಟೆ, 65 ದಾಟಿದವರಿಗೆ 7ರಿಂದ 8 ಅಂತ ಹೇಳೋದು ಕಣ್ಣು ಮುಚ್ಚಿ ನಿಜವಾಗಿ ನಿದ್ದೆ ಮಾಡಿದ ಹೊತ್ತಿಗೆ.

ನಿಮ್ಮ ಸಂಖ್ಯೆ ಕಂಡುಕೊಳ್ಳೋಕೆ ಎರಡು ವಾರ ಬೇಕು. ಬೇಸಿಗೆ ರಜೆ ಇದಕ್ಕೆ ಹೇಳಿ ಮಾಡಿಸಿದ ಸಮಯ. ದಿನಾ ಒಂದೇ ಹೊತ್ತಿಗೆ, 10:15 ಅಂತಿಟ್ಟುಕೊಳ್ಳಿ, ದೀಪ ಆರಿಸಿ. ಅಲಾರಂ ಬೇಡ. ಎಚ್ಚರವಾದ ತಕ್ಷಣ ಎದ್ದುಬಿಡಿ, ಹೊರಳಾಡಬೇಡಿ. ದಿಂಬಿನ ಪಕ್ಕ ನೋಟ್‌ಬುಕ್ ಇಟ್ಟು ಮಲಗಿದ್ದು, ಎದ್ದದ್ದು, ರಾತ್ರಿ ಎಚ್ಚರವಾಗಿದ್ದದ್ದು ಅಂದಾಜಿನಲ್ಲಿ ಬರೆಯಿರಿ, ಬೆಳಿಗ್ಗೆ ಎದ್ದ ಮೇಲೆ. ಮಧ್ಯರಾತ್ರಿ ಗಡಿಯಾರ ನೋಡಿದರೆ ಬರೋ ನಿದ್ದೆಯೂ ಹೋಗುತ್ತೆ. ಮೊದಲ ವಾರ 9 ಗಂಟೆ ಮಲಗಿಬಿಡಬಹುದು. ಅದು ಹಳೇ ಸಾಲ ತೀರೋದು, ನಿಮ್ಮ ಅಗತ್ಯ ಅಲ್ಲ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಎರಡನೇ ವಾರದ ಸರಾಸರಿಯೇ ನಿಮ್ಮ ಸಂಖ್ಯೆ.

ರಜೆಗೆ ಕಾಯೋಕಾಗದಿದ್ದರೆ ಏಳೋ ಹೊತ್ತು 5:30ಕ್ಕೇ ಗಟ್ಟಿ ಮಾಡಿ, ಮಲಗೋದನ್ನು 3 ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಇವತ್ತು 11:30, ನಾಳೆ 9:30 ಅಂತ ಹಾರಬೇಡಿ. ಯಾಕಂದ್ರೆ ರೂಢಿಯ ನಿದ್ದೆ ಹೊತ್ತಿಗಿಂತ ಎರಡು-ಮೂರು ಗಂಟೆ ಮುಂಚೆ ದೇಹದ ಗಡಿಯಾರ ಎಚ್ಚರವನ್ನು ಜೋರಾಗಿ ಹಿಡಿದಿಟ್ಟಿರುತ್ತೆ. ಆಗ ಮಲಗಿದರೆ ಸೂರು ನೋಡ್ತಾ ಬಿದ್ದಿರಬೇಕಾಗುತ್ತೆ. ಬಹಳ ಜನ ಸೋಲೋದು ಇಲ್ಲೇ.

ಸಾಕಾಯ್ತಾ ಅಂತ ಅಳೆಯೋದು ಬೆಳಿಗ್ಗೆ 10-11ರ ಹೊತ್ತಿಗೆ. ಸುಮ್ಮನೆ ಕೂತು ಓದುವಾಗ ತೂಕಡಿಕೆ ಬರಬಾರದು. ಎದ್ದ ಮೊದಲ ಅರ್ಧ ಗಂಟೆಯ ಮಂಪರಾಗಲಿ, ಮಧ್ಯಾಹ್ನ 2-3ರ ಜೋಂಪಾಗಲಿ ಲೆಕ್ಕಕ್ಕಿಲ್ಲ, ಚೆನ್ನಾಗಿ ಮಲಗಿದವರಿಗೂ ಅವು ಬರ್ತವೆ. ದಿಂಬಿಗೆ ತಲೆ ಕೊಟ್ಟ ತಕ್ಷಣ ನಿದ್ದೆ ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, 5 ನಿಮಿಷದೊಳಗೆ ದಿನಾ ಹಾಗಾದರೆ ಅದು ನಿದ್ದೆ ಬಾಕಿ ಇರೋ ಗುರುತು. 10ರಿಂದ 20 ನಿಮಿಷ ಆರೋಗ್ಯಕರ.

ಉತ್ತರ 2 (ಶರೀರಕ್ರಿಯಾ ವಿಜ್ಞಾನ ಪಾಠ ಮಾಡುವವರು)

"6 ಗಂಟೆ ನನಗೆ ಒಗ್ಗಿಹೋಗಿದೆ" ಅನ್ನೋ ಮಾತಿನ ಬಗ್ಗೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆಯಲ್ಲಿ 14 ದಿನ ಇಟ್ಟಾಗ, ಜನರ ಗಮನ ಮತ್ತು ಪ್ರತಿಕ್ರಿಯೆಯ ವೇಗ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ತಮಗೆ ಅಷ್ಟೇನೂ ನಿದ್ದೆ ಬರ್ತಿಲ್ಲ ಅಂತಲೇ ಅವರು ಹೇಳಿದರು. ಒಗ್ಗಿದ್ದು ಆಯಾಸದ ಅರಿವಿಗೆ, ಆಯಾಸಕ್ಕಲ್ಲ. ಹುಟ್ಟಿನಿಂದಲೇ ಕಡಿಮೆ ನಿದ್ದೆ ಸಾಕಾಗುವ ಜೀನ್ ಇರೋ ಮನೆತನಗಳು ಇವೆ, ಆದರೆ ತೀರಾ ಅಪರೂಪ. ಅಂಥವರು ರಜೆಯಲ್ಲೂ ಹೆಚ್ಚು ಮಲಗಲ್ಲ. ಭಾನುವಾರ ನೀವು 9 ಗಂಟೆ ಮಲಗ್ತೀರಿ ಅಂದಮೇಲೆ ಆ ಪಟ್ಟಿಯಲ್ಲಿ ನೀವಿಲ್ಲ.

ಸೋಮವಾರದ ಕಷ್ಟಕ್ಕೆ ಭಾನುವಾರದ 8:30 ನೇರ ಕಾರಣ. ಬೆಳಗಿನ ಬೆಳಕು ಕಣ್ಣಿಗೆ 3 ಗಂಟೆ ತಡವಾಗಿ ಬಿದ್ದರೆ ಒಳಗಿನ ಗಡಿಯಾರ ತಡವಾಗಿ ನಡೆಯೋಕೆ ಶುರುವಾಗುತ್ತೆ. ಎಚ್ಚರದ ಹೊತ್ತಿನಲ್ಲಿ ಮಿದುಳಿನಲ್ಲಿ ಕೂಡಿಕೊಂಡು ನಿದ್ದೆಯ ಒತ್ತಡ ಹುಟ್ಟಿಸುವ ಅಡಿನೋಸಿನ್ ರಾತ್ರಿ ಹೊತ್ತಿಗೆ ಸಾಕಷ್ಟು ಆಗಿರಲ್ಲ. ಹಾಗಾಗಿ ಭಾನುವಾರ ರಾತ್ರಿ ನಿದ್ದೆ ತಡ, ಸೋಮವಾರ ಅಲಾರಂ ಮಾತ್ರ ಅದೇ ಹೊತ್ತಿಗೆ. ಭಾನುವಾರ 6:30 ದಾಟಬೇಡಿ. ಬಾಕಿ ತೀರಿಸಬೇಕೆಂದರೆ ಶನಿವಾರ ರಾತ್ರಿ ಬೇಗ ಮಲಗಿ, ಭಾನುವಾರ ಮಧ್ಯಾಹ್ನ 3ರೊಳಗೆ 20 ನಿಮಿಷ ಅಡ್ಡಾಗಿ. 45-60 ನಿಮಿಷದ ನಿದ್ದೆ ಕೆಟ್ಟದ್ದು, ಗಾಢ ನಿದ್ದೆಯ ನಡುವೆ ಎದ್ದು ತಲೆ ಭಾರ ಅನ್ನಿಸುತ್ತೆ.

ಉತ್ತರ 3 (ಆಹಾರ ತಜ್ಞೆ)

ಆ ಸಂಜೆಯ ಕಾಫಿ ಬಗ್ಗೆ ಯಾರೂ ಹೇಳಲಿಲ್ಲ. ಕೆಫೀನ್ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ. 5:30ರ ಲೋಟದ ಅರ್ಧ ಭಾಗ 10:30ಕ್ಕೂ ರಕ್ತದಲ್ಲಿದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ನಿಧಾನ. ಕೆಫೀನ್ ಅಡಿನೋಸಿನ್ ಕೂರುವ ಜಾಗವನ್ನು ಹಿಡಿದುಕೊಳ್ಳುತ್ತೆ, ಹಾಗಾಗಿ ನಿದ್ದೆ ಬಂದರೂ ಗಾಢವಾಗಲ್ಲ. ಕಾಫಿ ಬಿಡಬೇಡಿ, ಮಧ್ಯಾಹ್ನ 1ರೊಳಗೆ ಮುಗಿಸಿ. ಸಂಜೆ ಲೋಟ ಕೈಯಲ್ಲಿರಲೇಬೇಕು ಅಂದರೆ ಕಷಾಯವೋ ರಾಗಿ ಅಂಬಲಿಯೋ ಆಗಬಹುದು. ಟೀಯಲ್ಲೂ ಕೆಫೀನ್ ಇದೆ. ರಾತ್ರಿ ಊಟಕ್ಕೂ ಹಾಸಿಗೆಗೂ ಎರಡು ಗಂಟೆ ಅಂತರ ಇರಲಿ, ಹುಳಿತೇಗು ಇರೋರಿಗೆ ಮೂರು.

ಉತ್ತರ 4 (ಫಿಸಿಷಿಯನ್)

ಟೀಚರ್, ಗೊರಕೆಯ ವಿಷಯವನ್ನು ದಯವಿಟ್ಟು ಹಗುರಾಗಿ ತಗೋಬೇಡಿ. ಎರಡು ವಾರ ಏಳೆಂಟು ಗಂಟೆ ಮಲಗಿಯೂ ಎದ್ದಾಗ ಸುಸ್ತೇ ಇದ್ದರೆ, ಕೊರತೆ ಗಂಟೆಯಲ್ಲಿಲ್ಲ, ನಿದ್ದೆ ತುಂಡಾಗುತ್ತಿದೆ. ಗೊರಕೆ ಹಠಾತ್ತನೆ ನಿಂತು, ಉಸಿರು ಕಟ್ಟಿದ ಹಾಗಾಗಿ, ಗಕ್ಕನೆ ಮತ್ತೆ ಶುರುವಾಗುತ್ತಾ ಅಂತ ಮನೆಯವರಿಗೆ ಒಂದು ರಾತ್ರಿ ಗಮನಿಸಿ ಫೋನಿನಲ್ಲಿ ರೆಕಾರ್ಡ್ ಮಾಡೋಕೆ ಹೇಳಿ. 10 ಸೆಕೆಂಡಿಗಿಂತ ಹೆಚ್ಚು ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೀರಿದರೆ ತೀವ್ರ ಸ್ಲೀಪ್ ಅಪ್ನಿಯಾ. ಹೆಂಗಸರಲ್ಲಿ ಗೊರಕೆ ಸಣ್ಣದಾಗಿದ್ದು ಬೆಳಗಿನ ತಲೆನೋವು, ದಿನವಿಡೀ ಸುಸ್ತು ಮಾತ್ರ ಕಾಣೋದರಿಂದ ಎಷ್ಟೋ ಸಲ ಕಾಯಿಲೆ ತಪ್ಪಿಹೋಗುತ್ತೆ. ಬಿಪಿ ಇದ್ದರೆ, ಕತ್ತಿನ ಸುತ್ತಳತೆ 40 ಸೆಂ.ಮೀ. ದಾಟಿದ್ದರೆ ತಡ ಬೇಡ. ರಾತ್ರಿಯಿಡೀ ವೈರು ಹಚ್ಚಿ ಮಾಡುವ ನಿದ್ರಾ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ಇದೆ. ಅದಕ್ಕೆ ಮುಂಚೆ ನಿದ್ದೆ ಮಾತ್ರೆ ಖಂಡಿತ ಬೇಡ, ಕೆಲವು ಮಾತ್ರೆಗಳು ಗಂಟಲಿನ ಸ್ನಾಯುವನ್ನು ಸಡಿಲ ಮಾಡಿ ಉಸಿರುಕಟ್ಟುವಿಕೆ ಹೆಚ್ಚಿಸುತ್ತವೆ.

ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಸ್ಯಾಹಾರಿಯಾದರೆ ಬಿ12 ನೋಡಿಸಿ. ಮಲಗಿದ ಕೂಡಲೇ ಕಾಲು ಆಡಿಸದೆ ಇರೋಕಾಗದ ಚಡಪಡಿಕೆ ಇದ್ದರೆ ಫೆರಿಟಿನ್ 75ಕ್ಕಿಂತ ಕಡಿಮೆ ಇರುವುದೂ ಮುಖ್ಯ, ಲ್ಯಾಬ್ ಚೀಟಿ ನಾರ್ಮಲ್ ಅಂದರೂ. ಈ ನಡುವೆ ಸ್ಕೂಟರ್ ಓಡಿಸುವಾಗ ಕಣ್ಣು ಎಳೆದರೆ ನಿಲ್ಲಿಸಿ ಇಳಿಯಿರಿ.

ಉತ್ತರ 1ರವರು ಮತ್ತೆ

ಅತ್ತೆಯವರ ಲೆಕ್ಕ ಹಾಕಿ ನೋಡಿ. 8:30ರಿಂದ 3, ಆರೂವರೆ ಗಂಟೆ. ಮಧ್ಯಾಹ್ನದ ಒಂದೂವರೆ ಸೇರಿದರೆ 8. ಅವರ ವಯಸ್ಸಿಗೆ ಬೇಕಾದಷ್ಟು ಸಿಕ್ಕಿದೆ, ಹಂಚಿಕೆ ಮಾತ್ರ ಎಡವಟ್ಟು. ಮಧ್ಯಾಹ್ನದ್ದನ್ನು ಅರ್ಧ ಗಂಟೆಗೆ ಇಳಿಸಿ, 2:30ರೊಳಗೆ ಎಬ್ಬಿಸಿ. ಸಂಜೆ ಬೆಳಕಿರುವಾಗ 5:30ರಿಂದ ಅರ್ಧ ಗಂಟೆ ಹೊರಗೆ ಅಡ್ಡಾಡಲಿ, ಸಂಜೆ ಬೆಳಕು ಅವರ ಒಳಗಿನ ಗಡಿಯಾರವನ್ನು ತಡ ಮಾಡುತ್ತೆ, ನಿದ್ದೆ ತಡವಾಗಿ ಬರುತ್ತೆ. ಮಲಗೋದನ್ನು ನಾಲ್ಕೈದು ದಿನಕ್ಕೆ 15 ನಿಮಿಷದಂತೆ 10ರವರೆಗೆ ಸರಿಸಿ. 3ಕ್ಕೆ ಎಚ್ಚರವಾಗೋದು ಮೂತ್ರಕ್ಕಾದರೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಸಂಜೆ ಕೊಡುತ್ತಿದ್ದಾರಾ ಅಂತ ಡಾಕ್ಟರನ್ನೇ ಕೇಳಿ ಹೊತ್ತು ಬದಲಿಸಿ, ನೀವಾಗಿ ಬದಲಿಸಬೇಡಿ. ನಿದ್ದೆ ಬಾರದೆ 20 ನಿಮಿಷ ಕಳೆದಂತೆ ಅನ್ನಿಸಿದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಕೂರಲಿ, ಕಣ್ಣು ಭಾರವಾದಾಗ ಹಾಸಿಗೆಗೆ ಹೋಗಲಿ.

ಕೈಗಡಿಯಾರ ತೋರಿಸುವ ನಿದ್ದೆಯ ಗಂಟೆಯನ್ನು ಪೂರ್ತಿ ನಂಬಬೇಡಿ. ಅಲುಗಾಡದೆ ಎಚ್ಚರವಾಗಿ ಬಿದ್ದುಕೊಂಡಿದ್ದನ್ನೂ ಅದು ಎಷ್ಟೋ ಸಲ ನಿದ್ದೆ ಅಂತಲೇ ಬರೆದುಕೊಳ್ಳುತ್ತೆ. ಇಬ್ಬರಿಗೂ ನೋಟ್‌ಬುಕ್ಕೇ ಇರಲಿ. ಎರಡು ವಾರದ ಹಾಳೆ ಡಾಕ್ಟರ್ ಹತ್ತಿರ ಹೋಗುವಾಗಲೂ ಉಪಯೋಗಕ್ಕೆ ಬರುತ್ತೆ.