ಜುಲೈನಿಂದ ಜೂನ್‌ವರೆಗೆ: ತಾಲ್ಲೂಕು ಊರಿನ ರೋಟರಿ ಕ್ಲಬ್ಬಿನ ವರ್ಷವನ್ನು ಹೇಗೆ ಜೋಡಿಸಿಕೊಳ್ಳುವುದು?

ಪ್ರಶ್ನೆ: ಬಯಲುಸೀಮೆ

ನಮ್ಮದು ತಾಲ್ಲೂಕು ಕೇಂದ್ರದ ರೋಟರಿ ಕ್ಲಬ್ಬು. ಪಟ್ಟಿಯಲ್ಲಿ 34 ಸದಸ್ಯರು, ಸಭೆಗೆ ಬರುವವರು ಹದಿನೈದರ ಆಸುಪಾಸು. ಜುಲೈ 1ಕ್ಕೆ ಹೊಸ ತಂಡ, ಕಾರ್ಯದರ್ಶಿ ಕೆಲಸ ನನ್ನದು. ಮಂಡಳಿ ಸಭೆಯಲ್ಲಿ ಬಂದ ಸಲಹೆಗಳು: ವನಮಹೋತ್ಸವ, ರಕ್ತದಾನ, ಕಣ್ಣಿನ ತಪಾಸಣೆ, ಸರ್ಕಾರಿ ಶಾಲೆಗೆ ಕುಡಿಯುವ ನೀರಿನ ಘಟಕ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ, ಕಂಬಳಿ ಹಂಚಿಕೆ, ಪ್ರತಿಭಾ ಪುರಸ್ಕಾರ, ಶಿಕ್ಷಕರ ಸನ್ಮಾನ, ಪೋಲಿಯೋ ಜಾಥಾ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವ ತಿಂಗಳಲ್ಲಿ ಮಾಡಬೇಕು? ಹಣದ ಲೆಕ್ಕ ಹೇಗಿಡಬೇಕು? ಮನೆಯವರೂ ಬರುವಂಥ ಫೆಲೋಶಿಪ್ (ಒಡನಾಟದ ಕೂಟ) ಹೇಗೆ ಸಾಧ್ಯ? ಮಾಡಿ ಅನುಭವ ಇರುವವರು ವಿವರವಾಗಿ ಬರೆಯಿರಿ.

ಉತ್ತರ: ಹೊಂಗೆನೆರಳು

ಒಂಬತ್ತು ಕೆಲಸ ಇವೆ, ಕೈ ಹದಿನೈದು. ನಾಲ್ಕಕ್ಕೆ ಇಳಿಸಿ. ಒಂದೊಂದು ಕೆಲಸಕ್ಕೂ ಒಬ್ಬ ಅಧ್ಯಕ್ಷ, ಇಬ್ಬರು ಜೊತೆಗಾರರು, ಒಂದೇ ಹೆಸರು ಎರಡು ಕಡೆ ಬರಬಾರದು. ಅಲ್ಲಿಗೆ 12 ಜನ ಆಯಿತು. ಉಳಿದವರು ಸಭೆ, ಫೆಲೋಶಿಪ್, ಬುಲೆಟಿನ್ ನೋಡಿಕೊಳ್ಳಲಿ. ಸನ್ಮಾನ, ಪುರಸ್ಕಾರಗಳು ಒಂದು ಸಂಜೆಯ ಕೆಲಸ, ಅವನ್ನು ವಾರದ ಸಭೆಯೊಳಗೇ ಸೇರಿಸಿಬಿಡಿ. ಪೋಲಿಯೋ ದಿನ ಅಕ್ಟೋಬರ್ 24. ಜಾಥಾಕ್ಕಿಂತ ಪಲ್ಸ್ ಪೋಲಿಯೋ ಭಾನುವಾರ ಬೂತಿನಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕೂರುವ ನಾಲ್ಕು ಜನ ಹೆಚ್ಚು ಉಪಯೋಗ. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ಸಿಕ್ಕಿತು, ಆದರೂ ಹನಿ ಹಾಕುವುದು ನಿಂತಿಲ್ಲ.

ತಿಂಗಳು ಆರಿಸುವಾಗ ರೋಟರಿ ಜಿಲ್ಲೆಯ ಕ್ಯಾಲೆಂಡರಿಗಿಂತ ಊರಿನ ಮಳೆ, ಬೆಳೆ, ಪರೀಕ್ಷೆ ನೋಡಿ. ಗಿಡದ ವಿಷಯವನ್ನೇ ತೆಗೆದುಕೊಳ್ಳಿ. ಪದಗ್ರಹಣದ ಜೊತೆಗೇ ವನಮಹೋತ್ಸವ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಮಲೆನಾಡಿಗೆ ಅದು ಸರಿ. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ಮಳೆ ಕೂಡಿಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈನ ಒಣಗಾಳಿಗೆ ಬೇರು ಹಿಡಿಯದ ಸಸಿ ಹದಿನೈದೇ ದಿನಕ್ಕೆ ಸೊರಗುತ್ತದೆ. ಗುಂಡಿ ಮೇ ತಿಂಗಳಲ್ಲೇ ತೋಡಿಸಿ, ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಮತ್ತೆ ಅದೇ ಮಣ್ಣು ಬೇರಿನ ಸುತ್ತ ಬೀಳಲಿ. ಆಗಸ್ಟ್ ಕೊನೆಗೆ, ನೆಲ ನೆನೆದ ಮೇಲೆ, ಮೂರಡಿ ಎತ್ತರದ ಹೊಂಗೆ, ಬೇವು, ನೇರಳೆ ನೆಡಿ. ಸಸಿ ಬೇಕೆಂದು ಅರಣ್ಯ ಇಲಾಖೆಯ ನರ್ಸರಿಗೆ ಮೊದಲೇ ಬರೆದುಕೊಡಬೇಕು, ಹೋದ ದಿನ ಕೇಳಿದರೆ ಉಳಿದಿದ್ದನ್ನೇ ಕೊಡುತ್ತಾರೆ.

ಎಷ್ಟು ನೆಡಬೇಕು ಅನ್ನುವುದನ್ನು ಬೇಸಿಗೆಯ ನೀರಿನಿಂದ ಲೆಕ್ಕ ಹಾಕಿ. ಗಿಡಕ್ಕೆ ವಾರಕ್ಕೆ 10 ಲೀಟರ್ ಅಂದರೆ 100 ಗಿಡಕ್ಕೆ 1000 ಲೀಟರ್. ಜನವರಿಯಿಂದ ಮೇವರೆಗೆ 20 ವಾರಕ್ಕೂ ಹೆಚ್ಚು. ಆ ನೀರು ಯಾವ ಬೋರಿನಿಂದ, ಯಾರ ಕೈಯಿಂದ ಅಂತ ಹೆಸರು ಬರೆಯಲಾಗದಿದ್ದರೆ 30 ಗಿಡ ಸಾಕು. ಆಡು, ದನ ಬರುವ ಜಾಗವಾದರೆ ತಡಿಕೆಯ ಖರ್ಚು ಸಸಿಯ ಖರ್ಚಿಗಿಂತ ಹೆಚ್ಚು ಬರುತ್ತದೆ, ಮೊದಲೇ ಸೇರಿಸಿಕೊಳ್ಳಿ.

ಎಸ್ಸೆಸ್ಸೆಲ್ಸಿ ಪಾಠ ಮಾಡಿಸುವುದಾದರೆ ಜುಲೈ ಮೂರನೇ ವಾರವೇ ಶುರುವಾಗಬೇಕು, ಗಣಿತ ಮತ್ತು ಇಂಗ್ಲಿಷ್ ಎರಡೇ ವಿಷಯ, ವಾರಕ್ಕೆ ಎರಡು ದಿನ. ಜನವರಿಯಲ್ಲಿ ಶುರು ಮಾಡಿದರೆ ಮಕ್ಕಳಿಗೆ ಅದು ಇನ್ನೊಂದು ಭಾರ. ಕಂಬಳಿಯನ್ನು ಈ ವರ್ಷ ಬಿಟ್ಟುಬಿಡಿ.

ಉತ್ತರ: ಹನಿಗೂಡು

ರಕ್ತದಾನ ಮತ್ತು ಕಣ್ಣಿನ ಶಿಬಿರ, ಇವೆರಡರ ಬಗ್ಗೆ ಮಾತ್ರ.

ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ, ಜೂನ್ 14 ವಿಶ್ವ ರಕ್ತದಾನಿಗಳ ದಿನ. ಆ ವಾರಗಳಲ್ಲಿ ಎಲ್ಲ ಸಂಘಗಳೂ ಶಿಬಿರ ಇಡುತ್ತವೆ. ಸಂಪೂರ್ಣ ರಕ್ತ ಸಾಮಾನ್ಯ ಚೀಲದಲ್ಲಿ 35 ದಿನ ಮಾತ್ರ ಉಳಿಯುತ್ತದೆ, ಪ್ಲೇಟ್‌ಲೆಟ್ ಐದೇ ದಿನ. ಒಂದೇ ವಾರ ರಾಶಿ ಬಿದ್ದರೆ ಯಾರಿಗೂ ಆಗದೆ ಹೋಗುವ ಚೀಲಗಳಿರುತ್ತವೆ. ಕಾಲೇಜು ಮುಚ್ಚುವ ಏಪ್ರಿಲ್, ಮೇ ತಿಂಗಳಲ್ಲಿ ಕೊರತೆ. ಅದಕ್ಕೆ ಮೊದಲ ಫೋನು ಪರವಾನಗಿ ಇರುವ ರಕ್ತ ಕೇಂದ್ರಕ್ಕೆ ಮಾಡಿ, ಯಾವ ವಾರ, ಎಷ್ಟು ಚೀಲ ಬೇಕು ಅಂತ ಅವರೇ ಹೇಳಲಿ. ವರ್ಷಕ್ಕೆ 200 ಚೀಲದ ಒಂದು ದೊಡ್ಡ ಶಿಬಿರಕ್ಕಿಂತ 50ರ ನಾಲ್ಕು ಶಿಬಿರ ಮೇಲು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು, ಆ ಅಂತರ ಕಾರ್ಡಿನಲ್ಲಿ ಬರೆದಿಡಿ.

ವಯಸ್ಸು 18ರಿಂದ 65, ಆದರೆ ಮೊದಲ ಸಲ ಕೊಡುವವರಿಗೆ 60 ದಾಟಿರಬಾರದು. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಬಂದವರಲ್ಲಿ ಹಿಂದಿರುಗುವವರು ಬಹುಪಾಲು ಹಿಮೋಗ್ಲೋಬಿನ್ ಕಡಿಮೆ ಇರುವ ಹೆಣ್ಣುಮಕ್ಕಳು. ಅವರನ್ನು "ಆಗಲ್ಲ ಹೋಗಿ" ಅಂತ ಕಳಿಸಬೇಡಿ, ಹೆಸರು ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ ಕೊಡಿ. ಒಂದು ಮಂಚಕ್ಕೆ ಗಂಟೆಗೆ ಮೂರು ನಾಲ್ಕು ಜನ ಅಂತ ಹಿಡಿಯಿರಿ. ಐದು ಮಂಚ, ನಾಲ್ಕು ಗಂಟೆಗೆ 60ರಿಂದ 80 ಆಗುತ್ತದೆ. ತಲೆಸುತ್ತು ಬರುವುದು ಹೆಚ್ಚಾಗಿ ಸೂಜಿ ತೆಗೆದು ಎದ್ದು ನಿಂತಾಗ, ಇಲ್ಲವೇ ಮೆಟ್ಟಿಲಿಳಿಯುವಾಗ. ನೆಲಮಹಡಿಯಲ್ಲೇ ಇಡಿ, ಕೊಟ್ಟವರು 15 ನಿಮಿಷ ಕೂತು ನೀರು, ಬಿಸ್ಕತ್ತು ತೆಗೆದುಕೊಂಡೇ ಹೊರಡಲಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ಉಪ್ಪಿಟ್ಟು, ಆಮೇಲೆ ಮಂಚ.

ಕಣ್ಣಿನ ಶಿಬಿರಕ್ಕೆ ನಿಮ್ಮ ಕಡೆ ಫೆಬ್ರುವರಿ ಒಳ್ಳೆಯದು. ರಾಗಿ ಕಣ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ಬಿತ್ತನೆ ಕಾಲದಲ್ಲಿ ಇಟ್ಟರೆ ಹೆಸರು ಬರೆಸಿದವರೂ ಬಸ್ಸು ಹತ್ತುವುದಿಲ್ಲ. ತಪಾಸಣೆ ಊರಲ್ಲಿ, ಪೊರೆ ಶಸ್ತ್ರಚಿಕಿತ್ಸೆ ಮಾತ್ರ ಕಣ್ಣಿನ ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಶಾಲೆ, ಛತ್ರದಲ್ಲಿ ಮಾಡಿಕೊಡುತ್ತೇವೆ ಅನ್ನುವವರಿಗೆ ಒಪ್ಪಬೇಡಿ, ಸೋಂಕು ತಗುಲಿದರೆ ಕಣ್ಣೇ ಹೋಗುತ್ತದೆ.

ಹೆಚ್ಚಿನ ಕ್ಲಬ್ಬುಗಳ ಕೆಲಸ ಸೋರುವುದು ಎರಡು ಕಡೆ. ಮೊದಲನೆಯದು, ತಪಾಸಣೆಯಲ್ಲಿ ಬಿಪಿ, ಸಕ್ಕರೆ ಏರಿದೆ ಅಂತ ವಾಪಸಾದವರು. ಅವರಿಗೆ ಮೂರು ವಾರದ ನಂತರ ಆಸ್ಪತ್ರೆಗೆ ಹೊರಡುವ ಎರಡನೇ ಬಸ್ಸಿನ ದಿನಾಂಕ ಅಲ್ಲೇ ಬರೆದುಕೊಡದಿದ್ದರೆ ಅವರು ಮತ್ತೆ ಸಿಗುವುದಿಲ್ಲ. ಎರಡನೆಯದು ಶಸ್ತ್ರಚಿಕಿತ್ಸೆಯ ನಂತರ. ಹನಿ ಔಷಧ ನಾಲ್ಕರಿಂದ ಆರು ವಾರ ಬೇಕು, ಒಂದು ವಾರಕ್ಕೆ ಒಂದು ತಪಾಸಣೆ, ತಿಂಗಳ ಮೇಲೆ ಕನ್ನಡಕದ ಪರೀಕ್ಷೆ. ಸೌದೆ ಒಲೆಯ ಹೊಗೆ, ಹೊಲದ ದೂಳು, ತಲೆಸ್ನಾನ, ಭಾರ ಎತ್ತುವುದು, ಇವನ್ನು ಡಾಕ್ಟರು ಹೇಳಿದಷ್ಟು ದಿನ ಬಿಡಬೇಕು. ಇದನ್ನು ಅಜ್ಜಿಗೆ ಹೇಳಿದರೆ ಸಾಲದು, ಮನೆಯಲ್ಲಿ ಅಡುಗೆ ಮಾಡುವ ಸೊಸೆಗೂ ಹೇಳಬೇಕು. ಹತ್ತು ರೋಗಿಗಳಿಗೆ ಒಬ್ಬ ಸದಸ್ಯರಂತೆ ಫೋನಿನ ಹೊಣೆ ಹಂಚಿ. ತಪಾಸಣೆಯ ದಿನ ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಬೈಕಿನಲ್ಲಿ ಒಬ್ಬರೇ ಬಂದವರನ್ನು ಹಾಗೇ ಬಿಡಬೇಡಿ.

ಉತ್ತರ: ಕಿರ್ದಿಪುಸ್ತಕ

ಹಣದ ವಿಷಯ. ಜೂನ್ ತಿಂಗಳಲ್ಲೇ ಠರಾವು ಮಾಡಿ ಬ್ಯಾಂಕಿಗೆ ಸಹಿದಾರರ ಬದಲಾವಣೆ ಕೊಡಿ. ಕೆವೈಸಿ, ಮಾದರಿ ಸಹಿ ಎಲ್ಲ ಮುಗಿಯಲು ವಾರಗಳೇ ಹಿಡಿಯುತ್ತವೆ, ಜುಲೈನಲ್ಲಿ ಶುರು ಮಾಡಿದರೆ ಆಗಸ್ಟಿನವರೆಗೆ ಚೆಕ್ಕು ಹೊರಡುವುದಿಲ್ಲ.

ಎರಡು ಖಾತೆ ಕಡ್ಡಾಯ ಅಂದುಕೊಳ್ಳಿ. ಸದಸ್ಯರ ಚಂದಾ, ಊಟ, ಸಭಾಂಗಣ ಒಂದರಲ್ಲಿ, ಊರವರು ಕೊಟ್ಟ ಸೇವಾ ಹಣ ಇನ್ನೊಂದರಲ್ಲಿ. ಸೇವೆಗೆ ಕೊಟ್ಟ ರೂಪಾಯಿ ನಮ್ಮ ಊಟದ ಎಲೆಗೆ ಬರಬಾರದು, "ಆಮೇಲೆ ಸರಿಹೊಂದಿಸೋಣ" ಅನ್ನುವ ಮಾತಿಗೂ ಜಾಗ ಕೊಡಬೇಡಿ.

ರೋಟರಿಯ ಅಂತರರಾಷ್ಟ್ರೀಯ ಸಂಸ್ಥೆಗೆ ಕಟ್ಟುವ ಚಂದಾ ಜುಲೈ 1 ಮತ್ತು ಜನವರಿ 1ರಂದು ಪಟ್ಟಿಯಲ್ಲಿರುವ ತಲೆ ಎಣಿಸಿ ಬರುತ್ತದೆ, ಲೆಕ್ಕ ಡಾಲರಿನಲ್ಲಿ. 34 ಹೆಸರಿನಲ್ಲಿ ಆರು ಜನ ವರ್ಷದಿಂದ ಬಂದಿಲ್ಲ ಅನ್ನಿ. ಜೂನ್ 30ರೊಳಗೆ ಅವರನ್ನು ಮಾತಾಡಿಸಿ ಉಳಿಯುತ್ತೀರಾ, ಬಿಡುತ್ತೀರಾ ಕೇಳಿ. ಬಿಡುವವರ ಹೆಸರು ಆ ದಿನದೊಳಗೆ ಮೈ ರೋಟರಿ ಜಾಲತಾಣದ ಪಟ್ಟಿಯಿಂದ ತೆಗೆಯದಿದ್ದರೆ ಅವರ ಚಂದಾ ಉಳಿದವರ ಜೇಬಿನಿಂದ ಹೋಗುತ್ತದೆ.

ಇನ್ನೊಂದು ತೊಡಕು: ರೋಟರಿ ವರ್ಷ ಜುಲೈನಿಂದ, ತೆರಿಗೆ ವರ್ಷ ಏಪ್ರಿಲ್‌ನಿಂದ. ಖಜಾಂಚಿ ಬದಲಾದಾಗ ಏಪ್ರಿಲ್, ಮೇ, ಜೂನ್ ರಸೀದಿಗಳು ಹಳೆಯವರ ಮನೆಯಲ್ಲೇ ಉಳಿಯುತ್ತವೆ. ಮಾರ್ಚ್ 31ಕ್ಕೊಮ್ಮೆ, ಜೂನ್ 30ಕ್ಕೊಮ್ಮೆ ಲೆಕ್ಕ ಮುಚ್ಚಿ. ನಿಮ್ಮ ಕ್ಲಬ್ಬಿನ ಟ್ರಸ್ಟಿಗೆ 80ಜಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ಇದ್ದರೆ 2000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗೆ ವಿನಾಯಿತಿ ಸಿಗದು, ಚೆಕ್ಕು ಇಲ್ಲವೇ ಯುಪಿಐ ಕೇಳಿ. ದಾನಿಯ ಪ್ಯಾನ್ ಆ ಕ್ಷಣದಲ್ಲೇ ಬರೆದುಕೊಳ್ಳಿ. ವರ್ಷ ಮುಗಿದ ಮೇಲೆ ಹುಡುಕಿದರೆ ದಾನದ ವಿವರ ಸಲ್ಲಿಸುವ ಗಡುವು ಮೀರುತ್ತದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಾದರೆ ಸಿಎಸ್‌ಆರ್-1 ನೋಂದಣಿ ಇರಬೇಕು, ಅದು 2021ರ ಏಪ್ರಿಲ್‌ನಿಂದ ಬಂದ ನಿಯಮ.

ರೋಟರಿ ಫೌಂಡೇಶನ್ನಿನ ಗ್ಲೋಬಲ್ ಗ್ರಾಂಟ್ ಕನಿಷ್ಠ 30,000 ಡಾಲರಿನ ಯೋಜನೆಗೆ, ನಿಮ್ಮ ಗಾತ್ರಕ್ಕೆ ಈ ವರ್ಷ ಅದು ಬೇಡ. ರೋಟರಿ ಜಿಲ್ಲೆಯ ಮೂಲಕ ಬರುವ ಜಿಲ್ಲಾ ಗ್ರಾಂಟ್ ಕೇಳಿ. ಅದಕ್ಕೂ ಗ್ರಾಂಟ್ ತರಬೇತಿಗೆ ಕ್ಲಬ್ಬಿನಿಂದ ಒಬ್ಬರು ಹೋಗಿ, ಒಪ್ಪಂದಕ್ಕೆ ಸಹಿ ಆಗಿರಬೇಕು. ಒಪ್ಪಿಗೆ ಬರುವ ಮೊದಲೇ ಕೆಲಸ ಶುರು ಮಾಡಿ ಆಮೇಲೆ ಹಣ ಕೇಳಿದರೆ ಕೊಡುವುದಿಲ್ಲ.

ಬಯಲುಸೀಮೆ

ತುಂಬಾ ಉಪಕಾರವಾಯಿತು. ಗಿಡ, ರಕ್ತದಾನ, ಕಣ್ಣು, ನೀರಿನ ಘಟಕ ಇಟ್ಟುಕೊಳ್ಳುತ್ತೇವೆ. ಪಾಠವನ್ನು ಮುಂದಿನ ವರ್ಷಕ್ಕೆ. ಶಾಲೆಯಲ್ಲಿ 200 ಮಕ್ಕಳು, ಬೋರ್‌ವೆಲ್ ನೀರು ಸ್ವಲ್ಪ ಉಪ್ಪು. ಗಂಟೆಗೆ 50 ಲೀಟರಿನ ಆರ್‌ಓ (ನೀರಿನ ಲವಣ ತೆಗೆಯುವ) ಯಂತ್ರ ಸಾಕಾಗುತ್ತದೆಯೇ?

ಉತ್ತರ: ಕಲ್ಯಾಣಿ

ಯಂತ್ರಕ್ಕಿಂತ ಮೊದಲು ನೀರಿನ ಪರೀಕ್ಷೆ. ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕಳಿಸಿ. ಭಾರತೀಯ ಮಾನಕ 10500ರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ವರೆಗೆ. ಫ್ಲೋರೈಡ್ 1, ಹೆಚ್ಚೆಂದರೆ 1.5. ಲವಣ 500ರೊಳಗಿದ್ದು ಫ್ಲೋರೈಡ್ ಇಲ್ಲದಿದ್ದರೆ ಆರ್‌ಓ ಬೇಡವೇ ಬೇಡ, ಯುಎಫ್ (ಸೂಕ್ಷ್ಮ ಜರಡಿ) ಮತ್ತು ಯುವಿ (ನೇರಳಾತೀತ ಬೆಳಕು) ಸಾಕು, ನೀರೂ ಪೋಲಾಗದು. ನಿಮ್ಮ ಕಡೆ ಫ್ಲೋರೈಡ್ ಇರುವ ಸಾಧ್ಯತೆ ಹೆಚ್ಚು, ಅದು ಕುದಿಸಿದರೆ ಹೋಗುವುದಿಲ್ಲ.

200 ಮಕ್ಕಳಿಗೆ ತಲೆಗೆ ಒಂದೂವರೆ ಲೀಟರ್ ಅಂದರೆ 300 ಲೀಟರ್. ಗಂಟೆಗೆ 50 ಲೀಟರಿನ ಯಂತ್ರ ಆರು ಗಂಟೆ ಓಡಬೇಕು. ಆದರೆ ಮಕ್ಕಳು ಕುಡಿಯುವುದು ಬೆಲ್ ಹೊಡೆದ ಹದಿನೈದು ನಿಮಿಷದಲ್ಲಿ. ಹಾಗಾಗಿ 300 ಲೀಟರಿನ ಸ್ಟೀಲ್ ತೊಟ್ಟಿ, ಆರು ನಲ್ಲಿ, ಅದರಲ್ಲಿ ಎರಡು ಒಂದನೇ ತರಗತಿಯ ಮಗುವಿಗೆ ಎಟುಕುವಷ್ಟು ಕೆಳಗೆ. ಆರ್‌ಓ ಒಂದು ಲೀಟರ್ ಕೊಟ್ಟರೆ ಒಂದೆರಡು ಲೀಟರ್ ಹೊರಗೆ ಬಿಡುತ್ತದೆ, ಅದನ್ನು ಪೈಪಿನಲ್ಲಿ ಶೌಚಾಲಯದ ತೊಟ್ಟಿಗೆ ತಿರುಗಿಸಿ. ಫ್ಲೋರೈಡ್ ಇದ್ದರೆ ಆ ನೀರನ್ನು ದನಕ್ಕೂ ಇಡಬಾರದು.

ಶಾಲೆಗಳಲ್ಲಿ ಯಂತ್ರ ಸಾಯುವುದಕ್ಕೆ ಕಾರಣ ಬಹಳ ಇಲ್ಲ: ವೋಲ್ಟೇಜ್ ಏರಿಳಿತ, ಕಟ್ಟಿಕೊಂಡ ಫಿಲ್ಟರು, ಮತ್ತು "ಕ್ಲಬ್ಬಿನವರು ನೋಡ್ಕೋತಾರೆ" ಅನ್ನುವ ನಂಬಿಕೆ. ಸ್ಟೆಬಿಲೈಸರ್ ಹಾಕಿ. ದೂಳಿನ ಫಿಲ್ಟರು ಸುಮಾರು ಮೂರು ತಿಂಗಳಿಗೆ, ಕಾರ್ಬನ್ ಆರು ತಿಂಗಳಿಂದ ವರ್ಷದೊಳಗೆ, ಆರ್‌ಓ ಪೊರೆ (ಮೆಂಬ್ರೇನ್) ಎರಡು ಮೂರು ವರ್ಷಕ್ಕೆ ಬದಲಾಗಬೇಕು. ಮೂರು ವರ್ಷದ ನಿರ್ವಹಣೆಯನ್ನು ಯೋಜನೆಯ ಮೊತ್ತದಲ್ಲೇ ಸೇರಿಸಿ ಹಣ ಎತ್ತಿ. ಅಷ್ಟು ಕೂಡದಿದ್ದರೆ ಸಣ್ಣ ಯಂತ್ರ ಕೊಳ್ಳಿ, ನಿರ್ವಹಣೆ ಬಿಡಬೇಡಿ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಕ್ಲಬ್ಬು ಮೂವರ ಸಹಿಯ ಒಂದು ಹಾಳೆ ಇರಲಿ: ಕರೆಂಟು ಬಿಲ್ಲು ಯಾರದು, ತೊಟ್ಟಿ ತೊಳೆಯುವವರು ಯಾರು, ಕೆಟ್ಟರೆ ಯಾರಿಗೆ ಫೋನು. ಬೇಸಿಗೆ ರಜೆಗೆ ತೊಟ್ಟಿ ಖಾಲಿ ಮಾಡಿಸಿ, ಶಾಲೆ ತೆರೆದ ದಿನ ಮೊದಲ ತೊಟ್ಟಿ ನೀರನ್ನು ಪೂರ್ತಿ ಹೊರಗೆ ಬಿಡಿ.

ಉತ್ತರ: ಎಳ್ಳುಬೆಲ್ಲ

ಫೆಲೋಶಿಪ್ ಬಗ್ಗೆ ಯಾರೂ ಬರೆದಿಲ್ಲ. 34ರಲ್ಲಿ 15 ಜನ ಬರುವುದೇ ನಿಮ್ಮ ನಿಜವಾದ ಕೆಲಸ ಅನ್ನಿಸುತ್ತದೆ ನನಗೆ.

ಈಗಿನ ನಿಯಮದಲ್ಲಿ ತಿಂಗಳಿಗೆ ಎರಡು ಸಭೆ ಸಾಕು. ವಾರವಾರದ ಸಪ್ಪೆ ಸಭೆಗಿಂತ ಎರಡು ಗಟ್ಟಿ ಸಭೆ ಮಾಡಿ. 7.30ಕ್ಕೆ ಘಂಟೆ, 8.45ಕ್ಕೆ ಊಟ. ಆರು ಜನ ಇದ್ದರೂ ಹೊತ್ತಿಗೆ ಸರಿಯಾಗಿ ಘಂಟೆ ಹೊಡೆಯಿರಿ, ಮೂರನೇ ಸಭೆಗೆ ಉಳಿದವರು ಹೊತ್ತಿಗೆ ಬರುತ್ತಾರೆ. ವೇದಿಕೆಯಲ್ಲಿ ಮೂವರಿಗಿಂತ ಹೆಚ್ಚು ಬೇಡ. ಶಾಲು, ಹಾರ, ಪರಿಚಯಕ್ಕೇ ಮುಕ್ಕಾಲು ಗಂಟೆ ಹೋದರೆ ಅತಿಥಿ ಮಾತಾಡುವ ಹೊತ್ತಿಗೆ ಹಿಂದಿನ ಸಾಲು ಖಾಲಿ. ಹೊಸ ಸದಸ್ಯರಿಗೆ ತಮ್ಮ ಕಸುಬಿನ ಬಗ್ಗೆ 15 ನಿಮಿಷ ಮಾತಾಡಲು ಕೊಡಿ: ಅಡಿಕೆ ಮಂಡಿ ಹೇಗೆ ನಡೆಯುತ್ತದೆ, ಔಷಧದಂಗಡಿಯಲ್ಲಿ ಅವಧಿ ಮುಗಿದ ಮಾತ್ರೆ ಎಲ್ಲಿ ಹೋಗುತ್ತದೆ. ಇಂಥ ಮಾತಿಗೆ ಜನ ಕಿವಿ ಕೊಡುತ್ತಾರೆ. ಹುಟ್ಟುಹಬ್ಬ, ಮದುವೆ ದಿನದ ಪಟ್ಟಿ ದಂಡಪಾಣಿಯವರ (ಸಭೆಯ ಶಿಸ್ತು ನೋಡಿಕೊಳ್ಳುವ ಪದಾಧಿಕಾರಿ) ಕೈಯಲ್ಲಿರಲಿ.

ಮನೆಯವರ ಸಭೆ ವರ್ಷಕ್ಕೆ ನಾಲ್ಕು. ರಾಜ್ಯೋತ್ಸವದ ವಾರ ಹಾಡು, ಸಂಕ್ರಾಂತಿಗೆ ಎಳ್ಳುಬೆಲ್ಲ, ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಒಂದು ದಿನದ ಪ್ರವಾಸ, ಜೂನ್‌ನಲ್ಲಿ ಒಂದು ಊಟ. ಈ ನಾಲ್ಕರಲ್ಲಿ ಭಾಷಣ ಬೇಡ, ಮದ್ಯವೂ ಬೇಡ. ಗ್ಲಾಸು ಬಂದ ಕಡೆ ಹೆಂಗಸರು, ಮಕ್ಕಳು ಎರಡನೇ ಸಲ ಬರುವುದಿಲ್ಲ. ಉಳಿದಂತೆ ಎರಡು ತಿಂಗಳಿಗೊಮ್ಮೆ ಆರೆಂಟು ಜನ ಒಬ್ಬರ ಮನೆಯ ಜಗಲಿಯಲ್ಲಿ ಕೂರುವ ಸಣ್ಣ ಸಭೆ ಇರಲಿ. ದೊಡ್ಡ ಸಭೆಯಲ್ಲಿ ಬಾಯಿಬಿಡದವರು ಅಲ್ಲಿ ಮಾತಾಡುತ್ತಾರೆ. ಮೂರು ಸಭೆ ತಪ್ಪಿಸಿದವರ ಮನೆಗೆ ಒಬ್ಬರು ಹೋಗಿ ಬರಬೇಕು, ಚಂದಾ ಕೇಳುವ ಖಜಾಂಚಿ ಮಾತ್ರ ಹೋಗಬಾರದು.

ಉತ್ತರ: ಹೊಂಗೆನೆರಳು

ಒಂದು ಸೇರಿಸುತ್ತೇನೆ. ಮುಂದಿನ ತಂಡದ ಚುನಾವಣೆ ಡಿಸೆಂಬರ್ 31ರೊಳಗೆ ಆಗಬೇಕು. ಆಯ್ಕೆಯಾದ ಕೂಡಲೇ ನೀರಿನ ಘಟಕದ ಸಮಿತಿಗೆ ಅವರಲ್ಲೊಬ್ಬರನ್ನು ಸೇರಿಸಿಕೊಳ್ಳಿ. ಜೂನ್ ಕೊನೆಗೆ ಕೊಡುವ ಫೈಲಿನಲ್ಲಿ ನೀರಿನ ಪರೀಕ್ಷೆಯ ವರದಿ, ಮೂವರ ಸಹಿಯ ಹಾಳೆ, ಫಿಲ್ಟರು ಬದಲಿಸಿದ ದಿನಾಂಕ, ಕಣ್ಣಿನ ರೋಗಿಗಳಲ್ಲಿ ಕನ್ನಡಕ ಇನ್ನೂ ಸಿಗದವರ ಹೆಸರು, ಬದುಕಿರುವ ಗಿಡಗಳ ಎಣಿಕೆ ಇರಲಿ. ಯಂತ್ರದ ಬಿಲ್ಲು, ವಾರಂಟಿ ಕಾರ್ಡು ಅದೇ ಫೈಲಿನಲ್ಲಿ, ಒಂದು ಪ್ರತಿ ಶಾಲೆಯ ಬೀರುವಿನಲ್ಲಿ.