ಅಪ್‌ಡೇಟ್: 15 ಇಂಚಿನಿಂದ 17ಕ್ಕೆ ಹೋಗಲಿಲ್ಲ, 16ಕ್ಕೆ ನಿಂತೆ

ಕಾರಿನ 185/65 ಆರ್15 ಟೈರ್ ತೆಗೆದು 205/50 ಆರ್17 ಹಾಕಿಸಬಹುದಾ ಅಂತ ಕೇಳಿದ್ದೆ. (ಮೊದಲ ಸಂಖ್ಯೆ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ.) ಲೆಕ್ಕ ಹಾಕಿ ನೋಡಿ ಅಂದವರಿಗೆ ಥ್ಯಾಂಕ್ಸ್. ಲೆಕ್ಕ ಹಾಕಿದೆ. ಹಳೆಯ ಟೈರಿನ ಒಟ್ಟು ಎತ್ತರ ಸುಮಾರು 621 ಮಿ.ಮೀ., 17ರದ್ದು 637. ಅಂದರೆ ಚಕ್ರದ ಒಂದು ಸುತ್ತಿಗೆ ಕಾರು ಜಾಸ್ತಿ ದೂರ ಹೋಗುತ್ತದೆ, ಹಾಗಾಗಿ ಮೀಟರ್ ನೂರು ತೋರಿಸುವಾಗ ಕಾರು ಮೊದಲಿಗಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. 195/55 ಆರ್16 ಆದರೆ ಹತ್ತಿರ ಹತ್ತಿರ ಹಳೆಯದರಷ್ಟೇ ಎತ್ತರ. ಅದನ್ನೇ ಹಾಕಿಸಿದೆ.

ಒಂದು ತಿಂಗಳು ಓಡಿಸಿದ ಮೇಲೆ ಹೇಳ್ತೀನಿ: ತಿರುವಿನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಟೈರಿನ ಪಕ್ಕದ ಗೋಡೆ 120 ಮಿ.ಮೀ. ಇದ್ದದ್ದು 107ಕ್ಕೆ ಇಳಿದಿದೆ, ಬಾಗುವುದು ಕಮ್ಮಿ. ಮೊದಲು ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಈಗ ಆ ಯೋಚನೆ ಇಲ್ಲ.

ಆದರೆ ಗುಂಡಿಗಳು! ಸಣ್ಣ ಗುಂಡಿಯೂ ನೇರ ಸೀಟಿಗೇ ಬಂದು ಕುಟ್ಟುತ್ತದೆ. ಅಮ್ಮ ಹಿಂದೆ ಕೂತರೆ "ಮೆಲ್ಲಗೆ ಹೋಗೋ" ಅಂತಾರೆ.

ಪಿಕಪ್ ಕೂಡ ಸ್ವಲ್ಪ ಮಂಕಾಗಿದೆ. ಸುಮ್ನೆ ಕುತೂಹಲಕ್ಕೆ ಮನೆಯ ತೂಕದ ಯಂತ್ರದ ಮೇಲೆ ಎರಡೂ ಚಕ್ರ ಇಟ್ಟೆ. ಹೊಸದು ಎರಡು ಕೆಜಿ ಜಾಸ್ತಿ! ತಿರುಗುವ ತೂಕ ಅಲ್ವಾ, ಎಂಜಿನ್ ಅದನ್ನು ತಿರುಗಿಸಬೇಕು, ಬ್ರೇಕ್ ಅದನ್ನು ನಿಲ್ಲಿಸಬೇಕು.

ಇನ್ನೊಂದು ಮಾತು. ಹಳೆಯ ಟೈರಿನ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಸಂಕೇತ ಸಂಖ್ಯೆ) 88, ಅಂದರೆ ಒಂದು ಟೈರಿಗೆ 560 ಕೆಜಿ. ಅಂಗಡಿಯವರು ಮೊದಲು ತೋರಿಸಿದ್ದು 87. ಬೇಡ ಅಂದು 91ರದ್ದು ತರಿಸಿಕೊಂಡೆ.

ಸ್ಟೆಪ್ನಿ ಇನ್ನೂ ಹಳೆಯ 15ರದ್ದೇ ಇದೆ.